ಕೆಂಪು ಚುಕ್ಕಿಗೆ ಎರಡನೇ ಸಾಕ್ಷಿ

ಆ ಸಾಮಾನನ್ನು ತರಿಸಿದವಳು ನಾನೇ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಕಪ್ಪು ಬಣ್ಣದ್ದು. ಬಂದೂಕಿನ ಬೆನ್ನಿಗೆ ಬಿಗಿದು ಅದರ ಗಾಜಿನೊಳಗಿಂದ ನೋಡಿದರೆ ಒಂದು ಕೆಂಪು ಚುಕ್ಕಿ ಕಾಣುತ್ತದೆ. ಆ ಚುಕ್ಕಿಯನ್ನು ಗುರಿಯ ಮೇಲೆ ಕೂರಿಸಿದರೆ ಆಯಿತು, ಬೇರೆ ಏನನ್ನೂ ಸಾಲು ಹಿಡಿಯಬೇಕಿಲ್ಲ. ರೆಡ್ ಡಾಟ್ ಎನ್ನುತ್ತಾರೆ. ರೈಫಲ್ಲಿಗೂ ಆಗುತ್ತದೆ, ಜೋಡುನಳಿಗೆಗೂ ಆಗುತ್ತದೆ ಎಂದು ಫೋನಿನಲ್ಲಿ ಬರೆದಿತ್ತು. ಅಲ್ಲಿ ತೋರಿಸಿದವುಗಳಲ್ಲಿ ಅದೇ ಎಲ್ಲಕ್ಕಿಂತ ಅಗ್ಗದ್ದು. ಅಪ್ಪನಿಗೆ ಕೊಡುವ ಉಡುಗೊರೆಯಲ್ಲೂ ಅಗ್ಗದ್ದನ್ನು ಹುಡುಕುವ ಬುದ್ಧಿ ನನ್ನದು. ಅದು ಅವ್ವನಿಂದ ಬಂದದ್ದು.

ಅಪ್ಪ ಸೈನ್ಯದಲ್ಲಿದ್ದು ಬಂದವನು. ಆಗ ಅಫಜಲಪುರದ ಒಂದು ಬ್ಯಾಂಕಿನಲ್ಲಿ ಗಾರ್ಡು. ಸ್ವಂತ ಲೈಸನ್ಸಿನ ಜೋಡುನಳಿಗೆ ಬಂದೂಕನ್ನು ತೊಡೆಯ ಪಕ್ಕ ನಿಲ್ಲಿಸಿಕೊಂಡು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುವುದು ಅವನ ಕೆಲಸ. ನಾನು ಜೇವರ್ಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವನಿಗೆ ಅಲ್ಲೊಂದು ಬಾಡಿಗೆ ಕೋಣೆ, ನನಗೆ ಇಲ್ಲೊಂದು. ಮನೆ ಇರುವುದು ಆಳಂದ ತಾಲ್ಲೂಕಿನ ಮಟಕಿಯಲ್ಲಿ. ಅಲ್ಲಿ ಅವ್ವ, ಎರಡು ಎಮ್ಮೆ, ತೊಗರಿ ಹೊಲ. ಬ್ಯಾಂಕಿಗೆ ಶನಿವಾರ ರಜೆ ಇದ್ದ ವಾರ ಇಬ್ಬರೂ ಮನೆ ಸೇರುತ್ತಿದ್ದೆವು, ಸೇರಿದ ಅರ್ಧ ತಾಸಿಗೆ ಜಗಳ ಶುರುವಾಗುತ್ತಿತ್ತು. ಅಪ್ಪ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವನು, ನಾನು ಅವನ ಮಗಳು. ಅವ್ವ ನಡುವೆ ಬಾಯಿ ಹಾಕುತ್ತಿರಲಿಲ್ಲ. ರೊಟ್ಟಿಯನ್ನು ಮಾತ್ರ ಜೋರಾಗಿ ಬಡಿಯುತ್ತಿದ್ದಳು.

ವರ್ಷಕ್ಕೊಮ್ಮೆ ಬ್ಯಾಂಕಿನ ಗಾರ್ಡುಗಳನ್ನು ಕಲಬುರಗಿಯ ಹೊರಗಿನ ಮೈದಾನಕ್ಕೆ ಕರೆಸಿ ತಲಾ ಐದು ಗುಂಡು ಹೊಡೆಸುತ್ತಿದ್ದರು. ಅಪ್ಪನಿಗೆ ಅದು ದೀಪಾವಳಿಗಿಂತ ದೊಡ್ಡ ದಿನ. ಎರಡು ದಿನ ಮೊದಲೇ ಬೂಟಿಗೆ ಪಾಲಿಶು, ಮೀಸೆಗೆ ಬಣ್ಣ. ಆದರೆ ಹಿಂದಿನ ವರ್ಷ ಐದರಲ್ಲಿ ಎರಡು ಮಾತ್ರ ತಗಲಿದ್ದವು. ಮನೆಗೆ ಬಂದವನೇ ತಪ್ಪೆಲ್ಲ ಬಂದೂಕಿನದು ಎಂದ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಒಂದು ಹಿತ್ತಾಳೆಯ ಮಣಿ ಇರುತ್ತದೆ, ಅದಕ್ಕೆ ಅವನು ಮಖ್ಖಿ ಅನ್ನುತ್ತಾನೆ.

"ಮಖ್ಖಿ ಸವದು ಹೋಗ್ಯಾದ. ಕಾಣಂಗೇ ಇಲ್ಲ," ಅಂದ.

"ಮಖ್ಖಿ ಅಲ್ಲಪ್ಪಾ, ಕಣ್ಣ ಸವದಾವ. ಶುಗರ್ ಅದ ನಿನಗ. ಒಮ್ಮಿ ಡಾಕ್ಟರಿಗೆ ತೋರ್ಸು ಅಂದ್ರ ಕೇಳಂಗಿಲ್ಲ," ಅಂದೆ.

"ಗಡಿ ಹಿಮದಾಗ ಪಹರೆ ಮಾಡಿದ ಕಣ್ಣ ಇವು. ನನಗ ಪಾಠ ಹೇಳಬ್ಯಾಡ ಬೇ. ಸಾಲಿ ಹುಡುಗರಿಗೆ ಹೇಳು ಹೋಗು."

ಅವ್ವನ ಎಲೆಡಬ್ಬಿಯಿಂದ ಸುಣ್ಣ ತೆಗೆದು ಮಖ್ಖಿಗೆ ಹಚ್ಚಿ ನೋಡಿದ. ಬೆಳ್ಳಗಾದರೂ ಅದು ಅವನಿಗೆ ಕಾಣಲಿಲ್ಲ. ಈ ವಾದ ವರ್ಷವಿಡೀ ನಡೆಯಿತು. ಕೊನೆಗೆ ನನಗೇ ಸಾಕಾಗಿ ಫೋನು ತೆಗೆದು ರೆಡ್ ಡಾಟ್ ತರಿಸಿದೆ. ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವುದಕ್ಕಿಂತ ಅದು ಸುಲಭವಿತ್ತು.

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಬಂದೂಕನ್ನು ಕೈಗೆತ್ತಿಕೊಂಡಾಗಲೆಲ್ಲ ಅಪ್ಪ ಅದನ್ನು ಮಡಚಿ ತೆರೆಯುತ್ತಾನೆ, ಎರಡೂ ನಳಿಗೆಯ ಬುಡಕ್ಕೆ ಕಿರುಬೆರಳು ಹಾಕಿ ನೋಡುತ್ತಾನೆ, ಆಮೇಲೆ ಪಕ್ಕದಲ್ಲಿದ್ದವರ ಮುಂದೆ ಹಿಡಿಯುತ್ತಾನೆ. ಅವರೂ ಬಗ್ಗಿ ನೋಡಿ 'ಖಾಲಿ' ಅನ್ನಬೇಕು. ಇಬ್ಬರು ನೋಡುವ ತನಕ ಯಾವ ಬಂದೂಕೂ ಖಾಲಿಯಲ್ಲ ಎಂಬುದು ಅವನು ಪಲ್ಟನ್ನಿನಿಂದ ತಂದ ನಿಯಮ. ಅವ್ವನಿಗೆ ಬಂದೂಕು ಕಂಡರೇ ಆಗದು, ಹೀಗಾಗಿ ನಾಲ್ಕನೇ ಇಯತ್ತೆಯಲ್ಲಿದ್ದಾಗಿನಿಂದ ನಾನೇ ಎರಡನೇ ಸಾಕ್ಷಿ. ಬರಬರುತ್ತಾ ಈ ರೋಗ ಮನೆಯ ಎಲ್ಲದಕ್ಕೂ ಹತ್ತಿತು. ಗ್ಯಾಸು ಬಂದ್ ಮಾಡಿದ್ದನ್ನು ಇಬ್ಬರು ನೋಡಬೇಕು, ಬಾಗಿಲಿನ ಬೀಗವನ್ನು ಇಬ್ಬರು ಎಳೆದು ನೋಡಬೇಕು, ಹಾಲು ಒಡೆದಿದೆಯೋ ಇಲ್ಲವೋ ಎಂಬುದಕ್ಕೂ ನನ್ನನ್ನೇ ಕರೆಯಬೇಕು. ನಾನು ನೋಡಿ ಹೇಳಿದೆನೆಂದರೆ ಅಪ್ಪ ಮತ್ತೆ ಆ ಕಡೆ ತಿರುಗುತ್ತಿರಲಿಲ್ಲ. ಬೇರೆ ವಿಷಯದಲ್ಲಿ ನನ್ನ ಯಾವ ಮಾತನ್ನೂ ಕೇಳದವನು ಇದೊಂದರಲ್ಲಿ ನನ್ನನ್ನು ಪೂರ್ತಿ ನಂಬುತ್ತಿದ್ದ.

ಪಾರ್ಸಲ್ಲು ಆಳಂದಕ್ಕೆ ಬಂದಾಗ ತೊಗರಿ ಮೊಣಕಾಲುದ್ದ ಬೆಳೆದಿತ್ತು. ಮಳೆ ಬಂದೂ ಬಾರದ ಮಬ್ಬು ದಿನಗಳು. ಅಪ್ಪ ಶನಿವಾರ ಬೆಳಿಗ್ಗೆಯೇ ಹೋಗಿ ತಂದಿದ್ದ. ಅಂಥದ್ದನ್ನು ಹಚ್ಚಬಹುದೋ ಇಲ್ಲವೋ ಎಂದು ಠಾಣೆಯಲ್ಲಿ ಕೇಳಿಕೊಂಡೂ ಬಂದಿದ್ದ. ನಾನು ಸಂಜೆ ಮನೆ ತಲುಪುವಷ್ಟರಲ್ಲಿ ಅರ್ಧ ಪರೀಕ್ಷೆ ಮುಗಿದಿತ್ತು. ಅಪ್ಪನ ಲೆಕ್ಕದಲ್ಲಿ ಹೊಸ ಸಾಮಾನು ಅಂದರೆ ಮೊದಲು ಅದಕ್ಕೆ ಏಟು ಬೀಳಬೇಕು. ಟವೆಲಿನಲ್ಲಿ ಕಟ್ಟಿ ಬೈಕಿನ ಹಿಂದಿನ ಪೆಟ್ಟಿಗೆಗೆ ಹಾಕಿಕೊಂಡು ನರೋಣಾದ ತನಕ ಹೋಗಿ ಬಂದಿದ್ದ. ಆ ರಸ್ತೆಯ ತಗ್ಗುಗಳಲ್ಲಿ ಮನುಷ್ಯರ ಬೆನ್ನೆಲುಬೇ ನಿಲ್ಲುವುದಿಲ್ಲ. ಬಂದ ಮೇಲೆ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಇಟ್ಟು, ಆಮೇಲೆ ಬಿಸಿಲು ಬಿದ್ದ ಒಂದು ಗಳಿಗೆ ತಗಡಿನ ಮೇಲೆ ಕಾಯಿಸಿ, ಗುಂಡಿ ಒತ್ತಿದರೆ ದೀಪ ಹತ್ತಿತ್ತು.

"ಸಸ್ತಾ ಇದ್ರೂ ಗಟ್ಟಿ ಅದವ್ವ ಮಾಲು," ಎಂದು ನನ್ನ ಕೈಗೆ ಕೊಟ್ಟು ನಕ್ಕ. ಅಪ್ಪ ನನ್ನ ಆಯ್ಕೆಯನ್ನು ಹೊಗಳಿದ್ದು ಅಪರೂಪ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಜಗಳವೂ ಆಗಲಿಲ್ಲ.

ಗುರಿಯ ಪರೀಕ್ಷೆ ಭಾನುವಾರ ಬೆಳಿಗ್ಗೆ. ಗುಂಡು ಹಾರಿಸುವ ಮಾತೇ ಇಲ್ಲ, ಊರೊಳಗೆ ಹಾರಿಸಿದರೆ ಲೈಸನ್ಸು ಹೋಗುತ್ತದೆ. ಖಾಲಿ ಬಂದೂಕಿನಲ್ಲಿ ಚುಕ್ಕಿ ಎಲ್ಲಿ ಕೂರುತ್ತದೆ ಎಂದು ನೋಡುವುದಷ್ಟೇ. ಕಟ್ಟೆಯ ಮೇಲೆ ಎರಡು ಉಸುಕಿನ ಚೀಲ ಇಟ್ಟು ಅದರ ಮೇಲೆ ಬಂದೂಕು ಮಲಗಿಸಿದ. ಅಂಗಳದ ಆಚೆ ದನದ ಕೊಟ್ಟಿಗೆಯ ಖಾಲಿ ಗೋಡೆಗೆ ಇದ್ದಿಲಿನಿಂದ ಒಂದು ಗುಣಿಸುವ ಗುರುತು ಬರೆದಿದ್ದ. ಬಂದೂಕು ತೆರೆದು ನನಗೆ ತೋರಿಸಿದ. "ಖಾಲಿ," ಅಂದೆ. ಅವನು ಚೀಲದ ಹಿಂದೆ ಮೊಣಕಾಲೂರಿ, ಕೆನ್ನೆಯನ್ನು ಹಿಡಿಕೆಗೆ ಒತ್ತಿ, ಎಡಗಣ್ಣು ಮುಚ್ಚಿದ. ಎರಡೂ ಕಣ್ಣು ತೆರೆದೇ ನೋಡಿರಿ ಎಂದು ಜೊತೆಗೆ ಬಂದ ಚೀಟಿಯಲ್ಲಿತ್ತು. ಓದಿ ಹೇಳಿದರೆ, ಚೀಟಿ ಬರೆದವನು ಸಿಪಾಯಿಯಲ್ಲ ಎಂದ.

ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ತಿರುಪು ತಿರುವಿ ಬೆಳಕು ಹೆಚ್ಚಿಸಿದ. ಮತ್ತೆ ಬಗ್ಗಿದ.

"ಬಂತು," ಅಂದ. ತುಸು ತಡೆದು, "ಹೋತು," ಅಂದ.

"ಏನ್ ಹೋತು?"

"ಚುಕ್ಕಿ. ಗೋಡಿ ಮೂಲಿ ನೋಡಿದ್ರ ಬರ್ತದ. ಗುರುತಿನ ಮ್ಯಾಗ ನೋಡಿದ್ರ ಹೋಗ್ತದ. ಚಾಷ್ಟಿ ಮಾಡಾಕತ್ತದೇನ ನನಗ?"

ಬ್ಯಾಟರಿ ತೆಗೆದು ಅಂಗಿಗೆ ಉಜ್ಜಿ ಹಾಕಿದ. ಗಾಜು ಒರೆಸಿದ. ಪೆಟ್ಟು ಹಾಕಿದ. ಮತ್ತೆ ನೋಡಿದ. ಪ್ರತಿ ಸಲವೂ ಅದೇ: ಓರೆಯಾಗಿ ನೋಡಿದರೆ ಇದೆ, ನೇರ ನೋಡಿದರೆ ಇಲ್ಲ. ಬೈಯಲು ಶುರು ಮಾಡಿದ. ಮಾಡಿದ ಕಂಪನಿಯವರಿಗೆ, ಕಳಿಸಿದವರಿಗೆ, ನರೋಣಾದ ರಸ್ತೆಗೆ. "ಲೂಸ್ ಕಾಂಟ್ಯಾಕ್ಟ್ ಅದ," ಎಂದು ತೀರ್ಪು ಕೊಟ್ಟು ಎದ್ದು ನಿಂತ. "ನೀ ನೋಡವ್ವ. ನೀ ನೋಡಿ ಹೇಳು."

ನಾನು ಬಗ್ಗಿ ನೋಡಿದೆ. ಇದ್ದಿಲಿನ ಗುರುತಿನ ಪಕ್ಕದಲ್ಲೇ ಚುಕ್ಕಿ ಕೂತಿತ್ತು. ಮಸೂರಿ ಬೇಳೆಯ ಅರ್ಧದಷ್ಟು, ದುಂಡಗೆ, ಅಲುಗದೆ. ತಲೆಯನ್ನು ಆ ಕಡೆ ಈ ಕಡೆ ಸರಿಸಿದೆ. ಚುಕ್ಕಿ ಗೋಡೆಯ ಮೇಲಿನ ಜಾಗ ಬಿಡಲಿಲ್ಲ. ಮನಸ್ಸಿನಲ್ಲೇ ಐವತ್ತರ ತನಕ ಎಣಿಸಿದೆ. ಒಮ್ಮೆಯೂ ಆರಲಿಲ್ಲ. ಆ ಅಗ್ಗದ ಸಾಮಾನಿನಲ್ಲಿ ಏನೂ ತಪ್ಪಿರಲಿಲ್ಲ.

ಪ್ರತಿ ವರ್ಷ ಹತ್ತನೇ ತರಗತಿಗೆ ಕಣ್ಣಿನ ಪಾಠ ಮಾಡುವವಳು ನಾನು. ಬೋರ್ಡಿನ ತುಂಬ ಕಣ್ಣಿನ ಚಿತ್ರ ಬರೆದು, ಒಳಗಿನ ಪರದೆಗೆ ಬಣ್ಣದ ಸೀಮೆಸುಣ್ಣದಿಂದ ಗೆರೆ ಎಳೆದು, ನೇರ ನೋಡುವುದಕ್ಕೆ ಅದರ ನಡುವಿನ ಒಂದು ಚಿಕ್ಕ ಜಾಗವೇ ಬೇಕು ಎಂದು ಹೇಳಿಕೊಟ್ಟವಳು. ನಡುವಿನ ಜಾಗ ಹೋದರೆ ನೇರ ನೋಡಿದ್ದು ಮಾಯವಾಗುತ್ತದೆ, ಅಂಚಿನದು ಉಳಿಯುತ್ತದೆ. ಎಡಗಣ್ಣು ತೆರೆದಿರುವ ತನಕ ಅದು ಬಲಗಣ್ಣಿನ ಕೊರತೆಯನ್ನು ಮುಚ್ಚಿಕೊಂಡು ಬಂದಿರುತ್ತದೆ. ಇದೆಲ್ಲ ನನಗೆ ಬಗ್ಗಿದ ಜಾಗದಲ್ಲೇ ತಿಳಿಯಿತು. ಒಂದು ನಿಮಿಷವೂ ಬೇಕಾಗಲಿಲ್ಲ.

ತಲೆ ಎತ್ತಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಸಿಟ್ಟು ಇಳಿದಿತ್ತು. ಬಾಯಿ ಅರ್ಧ ತೆರೆದು ಹಾಗೇ ಇತ್ತು. ಅವನು ಹೆದರಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

"ಹೋಗ್ತದೋ ಇಲ್ಲೋ?" ಅಂದ.

"ಹೋಗ್ತದಪ್ಪಾ," ಅಂದೆ. "ನನಗೂ ಹಂಗ ಆತು. ನೇರ ನೋಡಿದ್ರ ಹೋಗ್ತದ."

ಅವನ ಮುಖ ಸಡಿಲಾಯಿತು. "ಹೇಳಿದ್ನಲ್ಲ! ಲೂಸ್ ಕಾಂಟ್ಯಾಕ್ಟ್," ಎಂದು ಮತ್ತೆ ಕಂಪನಿಗೆ ಬೈಯಲು ಹತ್ತಿದ. ಈ ಸಲ ಬೈಗುಳದಲ್ಲಿ ಉತ್ಸಾಹವಿತ್ತು.

ಅಪ್ಪನ ಮುಖ ನೋಡಿ ಕರುಳು ಚುರ್ ಅಂದಿತು, ಅದಕ್ಕೇ ಸುಳ್ಳು ಹೇಳಿದೆ ಎಂದು ಒಬ್ಬ ಗೆಳತಿಯ ಮುಂದೆ ಹೇಳಿಕೊಂಡಿದ್ದೇನೆ. ಅವಳು ನನ್ನ ಕೈ ಹಿಡಿದು ಸಮಾಧಾನ ಮಾಡಿದಳು. ಅದು ಅರ್ಧ ನಿಜ. ಉಳಿದರ್ಧ ಇಷ್ಟೇ: ಹನ್ನೊಂದು ಗಂಟೆಗೆ ನನ್ನ ಬಸ್ಸಿತ್ತು. ಸಂಜೆ ಜೇವರ್ಗಿಯಲ್ಲಿ ಸಹೋದ್ಯೋಗಿಯೊಬ್ಬಳ ಹೊಸ ಮನೆಯ ಊಟ, ಅದಕ್ಕೆಂದು ಅವ್ವ ಕೊಟ್ಟ ಸೀರೆ ಚೀಲದಲ್ಲಿತ್ತು. ಚುಕ್ಕಿ ಚೆನ್ನಾಗಿದೆ, ಕೆಟ್ಟದ್ದು ನಿನ್ನ ಕಣ್ಣು ಎಂದಿದ್ದರೆ ಜಗಳ, ಅವ್ವನ ಅಳು, ನಾಳೆಯೇ ಕಲಬುರಗಿಗೆ ಹೋಗಬೇಕು, ನಾನು ರಜೆ ಹಾಕಬೇಕು. ಬರುವ ತಿಂಗಳು ನೋಡೋಣ ಅಂದುಕೊಂಡೆ. ಕಣ್ಣು ಎಲ್ಲಿಗೆ ಓಡಿ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸೀರೆ ಉಟ್ಟೆ, ಊಟ ಮಾಡಿದೆ, ಎರಡು ಹೋಳಿಗೆ ಹೆಚ್ಚೇ ತಿಂದೆ.

ಅಪ್ಪ ಸಾಮಾನನ್ನು ವಾಪಸು ಕಳಿಸಿದ. ಅಷ್ಟಕ್ಕೆ ಬಿಡುವ ಜಾತಿಯಲ್ಲ. ನಾಲ್ಕು ಜನಕ್ಕೆ ತಿಳಿಯಬೇಕು, ಕೊಂಡ ಕಡೆಯೇ ಬರೆದು ಹಾಕು ಎಂದು ಫೋನಿನಲ್ಲಿ ಗಂಟು ಬಿದ್ದ. ಅವನು ಹೇಳುತ್ತಾ ಹೋದ, ನಾನು ಬರೆದೆ. ಚುಕ್ಕಿ ನಿಲ್ಲುವುದಿಲ್ಲ, ಗುರಿಯ ಮೇಲೆ ನೋಡಿದರೆ ಮಾಯವಾಗುತ್ತದೆ, ಯಾರೂ ಕೊಳ್ಳಬೇಡಿ. ಒಂದೇ ನಕ್ಷತ್ರ ಕೊಟ್ಟೆ. ಅದರ ಮೇಲೆ ಕೆಳಗೆ ಎಲ್ಲರೂ ಐದೈದು ಕೊಟ್ಟು, ಈ ಬೆಲೆಗೆ ಇಷ್ಟು ಸ್ಪಷ್ಟ ಚುಕ್ಕಿ ಸಿಗುವುದಿಲ್ಲ ಎಂದು ಬರೆದಿದ್ದರು. ನಮ್ಮದು ಅವುಗಳ ನಡುವೆ ಈಗಲೂ ಇದೆ. ಅಳಿಸಲು ಎರಡು ಸಲ ಫೋನು ತೆಗೆದೆ, ನಾಚಿಕೆಯಿಂದ ಮುಚ್ಚಿಟ್ಟೆ.

ಕೆಲವು ವಾರಗಳ ನಂತರ ಬದಲಿ ಸಾಮಾನು ಅಫಜಲಪುರದ ಅವನ ಕೋಣೆಗೇ ಬಂತು. ಅದೇ ಸಂಜೆ ಫೋನು.

"ಇದೂ ಹಂಗ ಅದಲ್ಲವ್ವ," ಅಂದ. ದನಿಯಲ್ಲಿ ಬೈಗುಳವಿರಲಿಲ್ಲ. "ಎರಡನೇದೂ ಹಂಗ ಇರ್ತದೇನು? ನನಗ್ಯಾಕೋ..." ಎಂದು ನಿಲ್ಲಿಸಿದ. ಆ ಮಾತಿನ ಮುಂದಿನದನ್ನು ಅವನು ನನ್ನಿಂದ ಕೇಳಬೇಕೆಂದಿದ್ದ.

ಅದು ನನಗೆ ಸಿಕ್ಕ ಎರಡನೇ ಅವಕಾಶ. ನನ್ನ ಮುಂದೆ ಉತ್ತರ ಪತ್ರಿಕೆಗಳ ಕಟ್ಟು ಇತ್ತು. "ಎಲ್ಲಾ ಒಂದ ಕಡಿ ತಯಾರಾಗಿದ್ದಪ್ಪಾ, ಎಲ್ಲಾ ಹಂಗ ಇರ್ತಾವ. ಅವತ್ತ ನಾನೂ ನೋಡ್ಲಿಲ್ಲೇನು?" ಅಂದೆ. "ಹೌದ, ನೀನೂ ನೋಡಿದ್ದಿಯಲ್ಲ," ಅಂದ. ಅಷ್ಟು ಹೇಳಿ ಫೋನಿಟ್ಟ. ಮರುದಿನವೂ ನಾನು ಫೋನು ಮಾಡಲಿಲ್ಲ. ಮೊದಲ ಸುಳ್ಳಿಗೆ ಕರುಣೆಯ ನೆಪವಾದರೂ ಇತ್ತು. ಇದಕ್ಕೆ ಅದೂ ಇರಲಿಲ್ಲ. ಹಳೆಯದು ಬಯಲಾಗಬಾರದೆಂದು ಹೇಳಿದ್ದು.

ಮೈದಾನದ ದಿನ ಬಂತು. ರೆಡ್ ಡಾಟ್ ಇಲ್ಲದೆ ಹಳೆಯ ಮಖ್ಖಿಯನ್ನೇ ನಂಬಿ ಹೋದ. ಐದು ಗುಂಡಿನಲ್ಲಿ ಒಂದೂ ಹಲಗೆಗೆ ತಾಗಲಿಲ್ಲ. ಸೀಸದ ಸಣ್ಣ ಛರ್ರೆಕಾಳು ಹರಡಿಕೊಂಡು ಹೋಗುವ ಬಂದೂಕಿನಲ್ಲಿ ಬಾಗಿಲಿನಷ್ಟು ಹಲಗೆ ತಪ್ಪಿಸುವುದು ಸುಲಭವಲ್ಲ. ಪಕ್ಕದ ಗಾರ್ಡುಗಳು ನಗಲಿಲ್ಲವಂತೆ, ಅದೇ ಅಪ್ಪನಿಗೆ ಬಹಳ ನೋವು ಮಾಡಿತು. ಕಾಡತೂಸು ಹಳೆಯವು ಎಂದು ಮನೆಯಲ್ಲಿ ಹೇಳಿದ. ಬ್ಯಾಂಕಿನವರು ಬಂದೂಕು ತರುವುದು ಬೇಡ, ಒಳಗೆ ಬಂದವರಿಗೆ ಟೋಕನ್ ಕೊಡಿ ಎಂದು ಮೇಜಿನ ಪಕ್ಕ ಕೂರಿಸಿದರು. "ಫ್ಯಾನಿನ ಕೆಳಗ ಕುಂದ್ರಾದು ಆತು, ಛಲೋ ಆತು," ಅಂದ. ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವನು ವಾರ ವಾರ ಎಣ್ಣೆ ಹಚ್ಚುವುದನ್ನೂ ಬಿಟ್ಟ. ಮನೆಯಲ್ಲಿ ಜಗಳಗಳು ನಿಂತವು. ಅಪ್ಪ ಬೈಯದ ಭಾನುವಾರಗಳು ನನಗೆ ಸಹಿಸಲಾಗುತ್ತಿರಲಿಲ್ಲ. ಏನಾದರೂ ನೆಪ ಹೇಳಿ ಜೇವರ್ಗಿಯಲ್ಲೇ ಉಳಿಯತೊಡಗಿದೆ.

ತೊಗರಿ ಹಳದಿ ಹೂ ಬಿಟ್ಟ ದಿನಗಳಲ್ಲಿ ಒಂದು ಬೆಳಿಗ್ಗೆ ಅವ್ವನ ಫೋನು ಬಂತು. ರಜೆಗೆ ಊರಿಗೆ ಬಂದಿದ್ದ ಅಪ್ಪ ಎದ್ದವನೇ ಹಾಸಿಗೆಯ ಮೇಲೆ ಕೂತು ಬಲಗಣ್ಣಿನೊಳಗೆ ಮಸಿ ಚೆಲ್ಲಿದಂತಾಗಿದೆ, ಏನೂ ಕಾಣುತ್ತಿಲ್ಲ ಅಂದನಂತೆ. ನಾನು ಜೇವರ್ಗಿಯಿಂದ, ಅವರಿಬ್ಬರು ಆಳಂದದಿಂದ, ಕಲಬುರಗಿಯ ಕಣ್ಣಿನ ಆಸ್ಪತ್ರೆಯಲ್ಲಿ ಸೇರಿದೆವು. ಅವ್ವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಅಪ್ಪನ ಜೊತೆ ಒಳಗೆ ಹೋದೆ. ಎರಡೂ ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿದ್ದರು. ಅವನಿಗೆ ಎಲ್ಲವೂ ಮಂಜು, ನನ್ನ ತೋಳು ಹಿಡಿದುಕೊಂಡೇ ನಡೆದ.

ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಯಂತ್ರಕ್ಕೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು. ಶುಗರಿನಿಂದ ಕಣ್ಣಿನ ಪರದೆಯ ನಡುಭಾಗದಲ್ಲಿ ತಿಂಗಳುಗಟ್ಟಲೆ ಸೋರಿದೆ, ಈಗ ರಕ್ತನಾಳವೂ ಒಡೆದಿದೆ ಎಂದರು. ಎಡಗಣ್ಣಿನಲ್ಲೂ ಶುರುವಾಗಿದೆ, ಅದನ್ನು ಉಳಿಸಲು ನೋಡೋಣ. ಬಲಗಣ್ಣಿನ ನಡುನೋಟ ಮತ್ತೆ ಬರುವುದಿಲ್ಲ.

"ಮೊದಲ ಯಾವಾಗ ಗೊತ್ತಾತ್ರಿ ನಿಮಗ? ಆವಾಗ ಬಂದಿದ್ರ ಇಂಜೆಕ್ಷನ್ ಕೊಟ್ಟು ಭಾಳಷ್ಟು ಉಳಸಬಹುದಿತ್ತು," ಅಂದರು.

"ಏನೂ ಗೊತ್ತಾಗಿಲ್ರಿ," ಅಂದ ಅಪ್ಪ. ಆಮೇಲೆ ಯೋಚಿಸಿ, "ಒಂದ ದಿವಸ ಬಂದೂಕಿನ ಚುಕ್ಕಿ ಹೋಗಿ ಬಂದು ಮಾಡ್ತಿತ್ರಿ. ನಾಕ ತಿಂಗಳಾತು. ಖರೇ ಅದು ಸಾಮಾನಿನ ತಪ್ಪರಿ. ನನ್ ಮಗಳಿಗೂ ಹಂಗ ಕಂಡಿತ್ತು," ಅಂದ.

ಅಷ್ಟು ಹೇಳಿದವನು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದ. ಅವನ ಕೈ ಮೇಜಿನ ಮೇಲೆ ನನ್ನನ್ನು ಹುಡುಕಿತು. ಸಿಕ್ಕ ಮೇಲೆ ಗಟ್ಟಿಯಾಗಿ ಹಿಡಿದು ನನ್ನನ್ನು ಮುಂದಕ್ಕೆ ಎಳೆದ.

"ಡಾಕ್ಟರ್ರೀ, ಈಕೀಗೂ ಹಂಗ ಕಂಡಿತ್ರಿ. ನೇರ ನೋಡಿದ್ರ ಹೋಗ್ತದ ಅಂದಿದ್ಲು. ನಂದು ಮುಗೀತು, ಬಿಡ್ರಿ. ಮೊದಲ ಈಕಿ ಕಣ್ಣ ನೋಡ್ರಿ. ಶುಗರ್ ನಮ್ಮ ಮನಿತನದಾಗ ಅದ."

"ನನಗೇನೂ ಆಗಿಲ್ಲಪ್ಪಾ," ಅಂದೆ.

"ನೀ ಸುಮ್ಮನಿರು ಬೇ! ನನಗೂ ಏನೂ ಆಗಿದ್ದಿಲ್ಲ." "ನೋಡ್ರಿ ಡಾಕ್ಟರ್ರ, ಕೈ ಮುಗೀತೇನಿ."

ಅವನು ಎದ್ದ ಕುರ್ಚಿಯಲ್ಲೇ ನನ್ನನ್ನು ಕೂರಿಸಿದರು. ಗದ್ದ ಇಡುವ ಜಾಗ ಇನ್ನೂ ಬೆಚ್ಚಗಿತ್ತು. ಬೆಳಕು ನೇರವಾಗಿ ಕಣ್ಣೊಳಗೆ ಬಿತ್ತು. ಮೇಲೆ ನೋಡಿ, ಕೆಳಗೆ ನೋಡಿ, ನೇರ ನೋಡಿ ಎಂದರು. ಹಿಂದೆ ಗೋಡೆಗೆ ಒರಗಿ ನಿಂತ ಅಪ್ಪನ ಉಸಿರು ನನಗೆ ಕೇಳುತ್ತಿತ್ತು. ನನ್ನ ಕಣ್ಣಲ್ಲಿ ಏನಾದರೂ ಇರಲಿ, ಚೂರಾದರೂ ಇರಲಿ ಎಂದು ಬೇಡಿಕೊಂಡೆ. ಅಷ್ಟು ಮನಸ್ಸಿಟ್ಟು ನಾನು ಯಾವ ದೇವರಿಗೂ ಬೇಡಿಕೊಂಡಿಲ್ಲ.

"ಏನೂ ಇಲ್ರಿ. ಎರಡೂ ಕಣ್ಣ ಚೊಕ್ಕ ಅದಾವ," ಅಂದರು ಡಾಕ್ಟರು.

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಡಾಕ್ಟರಿಗೆ ಮತ್ತೆ ಮತ್ತೆ ಕೈ ಮುಗಿದ, ಅವರು ಇದ್ದ ದಿಕ್ಕು ಬಿಟ್ಟು ತುಸು ಪಕ್ಕಕ್ಕೆ. ಚೀಟಿ ತೆಗೆದುಕೊಂಡು ಹೊರಗೆ ಬಂದೆವು. ಕಾರಿಡಾರಿನಲ್ಲಿ ಅರ್ಧ ದೂರ ಅವನು ಹಗುರಾಗಿಯೇ ನಡೆದ, ದೇವರು ದೊಡ್ಡವನು ಅಂದ. ಆಮೇಲೆ ಹೆಜ್ಜೆ ನಿಧಾನವಾಯಿತು.

"ಹಂಗಾದ್ರ," ಅಂದ, "ಅವತ್ತ ನಿನಗ ಚುಕ್ಕಿ ಯಾಕ ಕಾಣ್ಲಿಲ್ಲವ್ವ?"

"ಕಂಡಿತ್ತಪ್ಪಾ," ಅಂದೆ.

ಅವನು ನಿಂತ. ಬೈಯಲಿ ಎಂದು ಕಾದೆ. ಹಿಗ್ಗಿದ ಪಾಪೆಗಳು ನನ್ನ ಮುಖದ ಕಡೆ ತಿರುಗಿದ್ದವು, ನಾನು ಅವನಿಗೆ ಎಷ್ಟು ಕಾಣುತ್ತಿದ್ದೆನೋ ಗೊತ್ತಿಲ್ಲ. ನನ್ನ ತೋಳು ಹಿಡಿದಿದ್ದ ಅವನ ಬೆರಳುಗಳು ಒಮ್ಮೆ ಸಡಿಲಾದವು. ಆದರೆ ಕೈ ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ, ಮುಂದೆ ಮೆಟ್ಟಿಲುಗಳಿದ್ದವು.